ಗುಜರಿಯ ಡಿಸಿ ಶಂಟ್ ಮೋಟಾರ್‌ಗೆ ಮನೆಯ ಕರೆಂಟ್: ನೇರ ಕೊಟ್ರೆ ಸುಡುತ್ತೆ, ಓಡಿಸೋದು ಹೀಗೆ

ಮಡಿಕೇರಿ: ಕಾಫಿ ಕೊಯ್ಲು ಮುಗಿದು ಬೀಜ ಮನೆ ಸೇರಿದ ಮೇಲೆ ಕೊಡಗಿನ ಹಲವು ಮನೆಗಳಲ್ಲಿ ಇನ್ನೊಂದು ಕೆಲಸ ಶುರುವಾಗುತ್ತೆ. ಸ್ವಂತ ತೋಟದ ಕಾಫಿಯನ್ನು ಸ್ವಂತವಾಗಿ ಹುರಿದು, ಪುಡಿ ಮಾಡಿ ಹೋಂಸ್ಟೇ ಅತಿಥಿಗಳಿಗೋ ನೆಂಟರಿಗೋ ಕೊಡುವುದು. ಐದು ಕೆ.ಜಿ. ಹಿಡಿಯುವ ಒಂದು ಡ್ರಮ್, ಕೆಳಗೆ ಗ್ಯಾಸ್ ಒಲೆ, ಡ್ರಮ್ ತಿರುಗಿಸಲು ಒಂದು ಮೋಟಾರ್ ಇದ್ದರೆ ಸಾಕು. ಡ್ರಮ್ ಮಾಡಿಕೊಡುವ ವೆಲ್ಡಿಂಗ್ ಶಾಪ್ ಊರೂರಲ್ಲಿದೆ. ತಾಪತ್ರಯ ಬರುವುದು ಮೋಟಾರ್ ವಿಷಯದಲ್ಲಿ.

ಹುರಿಯುವ ಡ್ರಮ್ ನಿಮಿಷಕ್ಕೆ 50-60 ಸುತ್ತು ತಿರುಗಬೇಕು. ಹಸಿ ಬೀಜ ಹಾಕಿದಾಗ ಒಂದು ವೇಗ, ಬೀಜ ಸಿಡಿಯುವ ಹೊತ್ತಿಗೆ ಇನ್ನೊಂದು ವೇಗ ಸಿಕ್ಕರೆ ಇನ್ನೂ ಒಳ್ಳೆಯದು. ಸಾಮಾನ್ಯ ಎಸಿ ಮೋಟಾರ್ ಒಂದೇ ವೇಗದಲ್ಲಿ ಓಡುತ್ತೆ, ವೇಗ ಬದಲಿಸಲು ಒಪ್ಪಲ್ಲ. ಹಾಗಾಗಿ ಗುಜರಿ ಅಂಗಡಿಯಲ್ಲಿ ಹಳೇ ಲೇತ್‌ನಿಂದಲೋ, ಕಾಲೇಜು ಲ್ಯಾಬ್‌ನ ಹರಾಜಿನಿಂದಲೋ ಬಂದ ದಪ್ಪ ಎರಕದ ಮೈಯ ಡಿಸಿ ಶಂಟ್ ಮೋಟಾರ್ ಕಂಡರೆ ಕೈ ಅಲ್ಲಿಗೇ ಹೋಗುತ್ತೆ. ತೂಕದ ಲೆಕ್ಕದಲ್ಲಿ ಸಿಗುತ್ತೆ, ವೇಗವನ್ನು ಬೇಕಾದ ಹಾಗೆ ಏರಿಸಿ ಇಳಿಸಬಹುದು, ಕಡಿಮೆ ವೇಗದಲ್ಲೂ ಎಳೆಯುವ ಶಕ್ತಿ ಬಿಡಲ್ಲ.

ನಾಮಫಲಕದ ಮೇಲೆ 220 ವೋಲ್ಟ್ ಅಂತ ಇರುತ್ತೆ. ಮನೆಯ ಪ್ಲಗ್‌ನಲ್ಲೂ 230 ವೋಲ್ಟ್. ಎರಡೂ ಹತ್ತಿರ ಹತ್ತಿರ ಒಂದೇ ಅಲ್ವಾ ಅಂದುಕೊಂಡು ನೇರ ವೈರ್ ಸಿಕ್ಕಿಸಿದರೆ ಮೋಟಾರ್ ತಿರುಗಲ್ಲ. ಗುಂಯ್ ಅನ್ನುತ್ತೆ, ಅಲುಗಾಡುತ್ತೆ, ಬ್ರಷ್ ಹತ್ತಿರ ಕಿಡಿ ಹಾರುತ್ತೆ. ಅದೃಷ್ಟ ಚೆನ್ನಾಗಿದ್ದರೆ ಎಂಸಿಬಿ ಬೀಳುತ್ತೆ, ಇಲ್ಲದಿದ್ದರೆ ಹೊಗೆ.

ತಿರುಗಬೇಕಿತ್ತಲ್ಲ, ಯಾಕೆ ತಿರುಗಲ್ಲ?

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದ ಹುಡುಗರು ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಎತ್ತುತ್ತಾರೆ. ಡಿಸಿ ಶಂಟ್ ಮೋಟಾರ್‌ಗೆ ಬ್ಯಾಟರಿಯ ಪ್ಲಸ್-ಮೈನಸ್ ಅದಲು ಬದಲು ಮಾಡಿ ಕೊಟ್ಟರೂ ಅದು ಹಳೇ ದಿಕ್ಕಿನಲ್ಲೇ ತಿರುಗುತ್ತೆ. ಯಾಕಂದ್ರೆ ಒಳಗೆ ಎರಡು ಸುರುಳಿಗಳಿವೆ. ಹೊರಮೈಗೆ ಅಂಟಿಕೊಂಡು ಅಲುಗಾಡದೆ ಕೂತಿರುವ ಫೀಲ್ಡ್ ಒಂದು, ಮಧ್ಯೆ ತಿರುಗುವ ಆರ್ಮೇಚರ್ ಇನ್ನೊಂದು. ಶಂಟ್ ಅಂದರೆ ಈ ಎರಡೂ ಒಂದೇ ಸಪ್ಲೈಗೆ ಪಕ್ಕಪಕ್ಕದಲ್ಲಿ ಜೋಡಿಸಿರುವುದು ಅಂತ ಅರ್ಥ. ಸಪ್ಲೈ ಉಲ್ಟಾ ಆದರೆ ಎರಡರಲ್ಲೂ ಕರೆಂಟ್ ಉಲ್ಟಾ ಆಗುತ್ತೆ, ಒಟ್ಟು ಬಲದ ದಿಕ್ಕು ಹಾಗೇ ಉಳಿಯುತ್ತೆ. ಎಸಿ ಅಂದರೆ ಸೆಕೆಂಡಿಗೆ 100 ಸಲ ಹೀಗೆ ಅದಲು ಬದಲಾಗುವ ಕರೆಂಟ್, ಅಷ್ಟೇ. ಹಾಗಿದ್ದ ಮೇಲೆ ಮೋಟಾರ್ ತಿರುಗಲೇಬೇಕಲ್ಲ?

ತರ್ಕ ಸರಿಯಾಗೇ ಇದೆ, ಆದರೆ ಒಂದು ವಿಷಯ ಬಿಟ್ಟುಹೋಗಿದೆ. ಫೀಲ್ಡ್ ಸುರುಳಿಯಲ್ಲಿ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಇಂಥ ಸುರುಳಿಗೆ ಕರೆಂಟ್‌ನ ಬದಲಾವಣೆ ಅಂದರೆ ಆಗಿ ಬರಲ್ಲ, ಸಾಧ್ಯವಾದಷ್ಟು ತಡೆಯುತ್ತೆ. ಅದರ ಇಂಡಕ್ಟೆನ್ಸ್ 20 ಹೆನ್ರಿ, ತಂತಿಯ ರೆಸಿಸ್ಟೆನ್ಸ್ 600 ಓಮ್ ಅಂತ ಇಟ್ಟುಕೊಳ್ಳಿ. ಡಿಸಿಗೆ ಅಡ್ಡ ಬರುವುದು 600 ಓಮ್ ಮಾತ್ರ. 50 ಹರ್ಟ್ಸ್‌ನ ಎಸಿಗೆ ಅದೇ ಸುರುಳಿ 6,000 ಓಮ್‌ಗಿಂತ ಹೆಚ್ಚು ಅಡ್ಡಿ ಒಡ್ಡುತ್ತೆ. ಅಲ್ಲಿಗೆ ಫೀಲ್ಡ್ ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿಯಿತು, ಕಾಂತಬಲ ಹೆಚ್ಚುಕಡಿಮೆ ಮಾಯವಾಯಿತು.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ಅಳಿದುಳಿದ ಆ ಸ್ವಲ್ಪ ಕರೆಂಟ್ ಕೂಡ ಸಮಯಕ್ಕೆ ಸರಿಯಾಗಿ ಬರಲ್ಲ. ವೋಲ್ಟೇಜ್ ತುದಿ ಮುಟ್ಟಿ ಇಳಿಯುವ ಹೊತ್ತಿಗೆ ಫೀಲ್ಡ್ ಕರೆಂಟ್ ಆಗಷ್ಟೇ ಏರುತ್ತಿರುತ್ತೆ, ಸುಮಾರು ಕಾಲು ಸುತ್ತು ಹಿಂದೆ. ಆರ್ಮೇಚರ್‌ನಲ್ಲಿ ತಂತಿ ದಪ್ಪ, ಸುತ್ತು ಕಡಿಮೆ, ಆದ್ದರಿಂದ ಅಲ್ಲಿ ಕರೆಂಟ್ ಇಷ್ಟು ತಡವಾಗಲ್ಲ. ಇಬ್ಬರು ಸೇರಿ ಮರ ಕೊಯ್ಯುವ ಗರಗಸ ಇದೆಯಲ್ಲ, ಅದರಲ್ಲಿ ಒಬ್ಬ ಎಳೆಯುವಾಗ ಇನ್ನೊಬ್ಬ ಬಿಡಬೇಕು. ಲಯ ತಪ್ಪಿದರೆ ಇಬ್ಬರೂ ಬೆವರುತ್ತಾರೆ, ಮರ ಕೊಯ್ಯಲ್ಲ. ಇಲ್ಲೂ ಅದೇ ಕಥೆ. ಒಂದು ಕ್ಷಣ ಮುಂದಕ್ಕೆ ತಳ್ಳಿದ ಬಲ ಮರುಕ್ಷಣ ಹಿಂದಕ್ಕೆ ತಳ್ಳುತ್ತೆ, ಸರಾಸರಿ ನೋಡಿದರೆ ಹತ್ತಿರಹತ್ತಿರ ಸೊನ್ನೆ. ತಿರುಗದೆ ನಿಂತ ಆರ್ಮೇಚರ್ ಮಾತ್ರ ಸಿಕ್ಕಾಪಟ್ಟೆ ಕರೆಂಟ್ ಎಳೆದು ಸುಡುತ್ತೆ.

ಅಡುಗೆಮನೆಯ ಮಿಕ್ಸಿಯಲ್ಲೂ ಬ್ರಷ್ ಇದೆ, ಕಮ್ಯುಟೇಟರ್ ಇದೆ, ಅದು ಎಸಿಯಲ್ಲಿ ಓಡುತ್ತಲ್ಲ ಅಂತ ಕೇಳಬಹುದು. ಅದು ಸೀರೀಸ್ ಮೋಟಾರ್. ಅದರ ಫೀಲ್ಡ್‌ನಲ್ಲಿ ದಪ್ಪ ತಂತಿಯ ಕೆಲವೇ ಸುತ್ತುಗಳು, ಅದೂ ಆರ್ಮೇಚರ್‌ನ ಹಿಂದೆಯೇ ಒಂದೇ ಸಾಲಿನಲ್ಲಿ. ಎರಡರಲ್ಲೂ ಹರಿಯುವುದು ಒಂದೇ ಕರೆಂಟ್, ಆದ್ದರಿಂದ ಲಯ ತಪ್ಪುವ ಪ್ರಶ್ನೆಯೇ ಇಲ್ಲ. ಅದರ ಕಬ್ಬಿಣವೂ ತೆಳು ತಗಡುಗಳನ್ನು ಪೇರಿಸಿ ಮಾಡಿದ್ದು. ಹಳೇ ಶಂಟ್ ಮೋಟಾರ್‌ನ ಮೈ ಗಟ್ಟಿ ಎರಕ, ಎಸಿ ಕೊಟ್ಟರೆ ಕಬ್ಬಿಣವೇ ಕಾಯುತ್ತೆ.

ಕಾವೇರಿ ನೀರು ಮತ್ತು ಎಸಿ

ಅಸಲಿಗೆ ಮನೆಗೆ ಡಿಸಿಯೇ ಬರುತ್ತಿದ್ದರೆ ಈ ರಗಳೆ ಇರುತ್ತಿರಲಿಲ್ಲ. ಕೋಲ್ಕತ್ತದಲ್ಲಿ 1899ರಲ್ಲಿ ಕರೆಂಟ್ ಕೊಡಲು ಶುರು ಮಾಡಿದಾಗ ಅದು ಡಿಸಿಯೇ ಆಗಿತ್ತು. ನಮ್ಮ ಕಡೆ ಹಾಗಾಗಲಿಲ್ಲ. ತಲಕಾವೇರಿಯಲ್ಲಿ ಹುಟ್ಟಿ ಹೋಗುವ ಇದೇ ಕಾವೇರಿ ನೀರಿನಿಂದ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಒಯ್ದರು. ಅಷ್ಟು ದೂರ ಒಯ್ಯಬೇಕಾದರೆ ವೋಲ್ಟೇಜ್ ಏರಿಸಬೇಕು, ಅಲ್ಲಿ ಮತ್ತೆ ಇಳಿಸಬೇಕು. ಟ್ರಾನ್ಸ್‌ಫಾರ್ಮರ್‌ನಿಂದ ಆ ಕೆಲಸ ಆಗುವುದು ಎಸಿಯಲ್ಲಿ ಮಾತ್ರ. ಆಗಿನ ಎಸಿ ಸೆಕೆಂಡಿಗೆ 25 ಆವರ್ತದ್ದು, ಈಗ ದೇಶವಿಡೀ 50. ಸೆಸ್ಕ್ ಲೈನಿನಲ್ಲಿ ಸಿದ್ದಾಪುರಕ್ಕೋ ಶನಿವಾರಸಂತೆಗೋ ಬರುವುದೂ ಅದೇ.

ಹಾಗಾಗಿ ಡಿಸಿ ಬೇಕಾದವರು ಮನೆಯಲ್ಲೇ ಮಾಡಿಕೊಳ್ಳಬೇಕು. ಅದೇನೂ ಕಷ್ಟವಲ್ಲ, ನಾಲ್ಕು ಡಯೋಡ್‌ಗಳ ಕೆಲಸ.

ಬ್ರಿಡ್ಜ್ ರೆಕ್ಟಿಫೈಯರ್, ಮತ್ತು ಕೆಪಾಸಿಟರ್ ಎಂಬ ಬಲೆ

ನಾಲ್ಕು ಡಯೋಡ್‌ಗಳನ್ನು ಒಂದೇ ಡಬ್ಬಿಯಲ್ಲಿ ತುಂಬಿದ ಬ್ರಿಡ್ಜ್ ರೆಕ್ಟಿಫೈಯರ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತೆ. ಲೋಹದ ತಳ ಇರುವ, 35 ಆಂಪಿಯರ್, 1000 ವೋಲ್ಟ್ ತಾಳುವ ಕೆಬಿಪಿಸಿ 3510 ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾದರಿ. ಅರ್ಧ ಎಚ್‌ಪಿ ಮೋಟಾರ್ ಎಳೆಯುವುದು ಎರಡೂವರೆ ಆಂಪಿಯರ್ ಆಸುಪಾಸು, 35ರದ್ದು ಯಾಕೆ ಅನ್ನಬೇಡಿ. ಡಯೋಡ್ ಸಾಯುವುದು ಓಡುವಾಗ ಅಲ್ಲ, ಮೋಟಾರ್ ಸಿಕ್ಕಿಕೊಂಡಾಗ. ಅದನ್ನು ಅಲ್ಯೂಮಿನಿಯಂ ತಟ್ಟೆಯ ಮೇಲೆ ಬಿಗಿಯಾಗಿ ಕೂರಿಸಬೇಕು.

ಇದಕ್ಕೆ 230 ವೋಲ್ಟ್ ಎಸಿ ಕೊಟ್ಟರೆ ಹೊರಗೆ ಬರುವ ಡಿಸಿಯ ಸರಾಸರಿ 0.9 ಪಟ್ಟು, ಅಂದರೆ 207 ವೋಲ್ಟ್. 220 ವೋಲ್ಟ್‌ನ ಮೋಟಾರ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಈ ಡಿಸಿ ಬ್ಯಾಟರಿಯಂತೆ ನುಣುಪಾಗಿರಲ್ಲ, ಸೆಕೆಂಡಿಗೆ 100 ಗುಡ್ಡಗಳಂತೆ ಏರಿಳಿಯುತ್ತೆ. ಪರವಾಗಿಲ್ಲ. ಫೀಲ್ಡ್ ಸುರುಳಿ ಬದಲಾವಣೆಯನ್ನು ತಡೆಯುತ್ತೆ ಅಂತ ಮೇಲೆ ಹೇಳಿದ್ದೇ ಇಲ್ಲಿ ಉಪಕಾರಕ್ಕೆ ಬರುತ್ತೆ, ಏರಿಳಿತವನ್ನು ಅದೇ ನುಣುಪು ಮಾಡಿಕೊಳ್ಳುತ್ತೆ. ಆರ್ಮೇಚರ್ ಸ್ವಲ್ಪ ಜಾಸ್ತಿ ಸದ್ದು ಮಾಡುತ್ತೆ, ಸ್ವಲ್ಪ ಜಾಸ್ತಿ ಬಿಸಿಯಾಗುತ್ತೆ. ನಾಮಫಲಕದಲ್ಲಿ ಬರೆದ ಪೂರ್ತಿ ಲೋಡ್ ಹೇರದಿದ್ದರೆ ಆಯಿತು. ಕಾಫಿ ಡ್ರಮ್ ಅಂಥ ಭಾರವೇನೂ ಅಲ್ಲ.

ರೇಡಿಯೋ ರಿಪೇರಿ ಗೊತ್ತಿದ್ದವರು ತಪ್ಪು ಮಾಡುವುದು ಇಲ್ಲೇ. ಡಿಸಿ ನುಣುಪಾಗಲಿ ಅಂತ ದೊಡ್ಡ ಕೆಪಾಸಿಟರ್ ಹಾಕುತ್ತಾರೆ. ಕೆಪಾಸಿಟರ್ ಹಾಕಿದ ತಕ್ಷಣ ವೋಲ್ಟೇಜ್ ಸರಾಸರಿಯಲ್ಲಿ ನಿಲ್ಲಲ್ಲ, ಎಸಿಯ ಶಿಖರಕ್ಕೆ ಏರುತ್ತೆ. 230 ವೋಲ್ಟ್‌ನ ಶಿಖರ 325 ವೋಲ್ಟ್. 220ರ ಫೀಲ್ಡ್‌ಗೆ 325 ಬಿದ್ದರೆ ಅದರೊಳಗಿನ ಶಾಖ ಎರಡು ಪಟ್ಟಿಗಿಂತ ಹೆಚ್ಚು. ಫೀಲ್ಡ್ ತಿರುಗದ ಸುರುಳಿ, ಗಾಳಿಯೂ ಸರಿಯಾಗಿ ತಾಗಲ್ಲ, ಅರ್ಧ ಗಂಟೆಯಲ್ಲಿ ವಾರ್ನಿಷ್ ವಾಸನೆ ಬರಲು ಶುರುವಾಗುತ್ತೆ. ಸಾಲದ್ದಕ್ಕೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಈ ಕೆಲಸಕ್ಕೆ ಕೆಪಾಸಿಟರ್ ಬೇಡವೇ ಬೇಡ.

ಮೋಟಾರ್ 110 ವೋಲ್ಟ್‌ನದ್ದಾದರೆ ಲೆಕ್ಕ ಬೇರೆ. 110ನ್ನು 0.9ರಿಂದ ಭಾಗಿಸಿದರೆ 122. ಅಷ್ಟು ಎಸಿ ಕೊಡುವ ಟ್ರಾನ್ಸ್‌ಫಾರ್ಮರ್ ಬೇಕು.

ಜೋಡಣೆ

ಮೊದಲು ಟರ್ಮಿನಲ್ ಗುರುತಿಸಬೇಕು. ಹಳೇ ಮೋಟಾರ್‌ಗಳಲ್ಲಿ ಆರ್ಮೇಚರ್‌ಗೆ ಎ, ಎಎ ಅಂತಲೂ ಶಂಟ್ ಫೀಲ್ಡ್‌ಗೆ ಎಫ್, ಎಫ್‌ಎಫ್ ಅಥವಾ ಝಡ್, ಝಡ್‌ಝಡ್ ಅಂತಲೂ ಗುರುತಿರುತ್ತೆ. ಅಕ್ಷರ ಅಳಿಸಿದ್ದರೆ ಮಲ್ಟಿಮೀಟರ್ ಇಟ್ಟು ನೋಡಿ: ಕೆಲವೇ ಓಮ್ ತೋರಿಸಿದ್ದು ಆರ್ಮೇಚರ್, ನೂರಾರು ಓಮ್ ತೋರಿಸಿದ್ದು ಫೀಲ್ಡ್. ವೈ, ವೈವೈ ಅಂತ ಮೂರನೇ ಜೋಡಿ ಕಂಡರೆ ಅದು ಕಾಂಪೌಂಡ್ ಮೋಟಾರ್. ಸೀರೀಸ್ ಫೀಲ್ಡ್ ಬಿಟ್ಟು ಬರೀ ಶಂಟ್ ಆಗಿಯೂ ಅದನ್ನು ಓಡಿಸಬಹುದು.

ಫೀಲ್ಡ್ ಮತ್ತು ಆರ್ಮೇಚರ್ ಎರಡಕ್ಕೂ ಬೇರೆ ಬೇರೆ ಬ್ರಿಡ್ಜ್ ಹಾಕುವುದು ಇಲ್ಲಿಯ ಮುಖ್ಯ ಉಪಾಯ. ಫೀಲ್ಡ್‌ನ ಬ್ರಿಡ್ಜ್‌ಗೆ ಮೇನ್ ಸ್ವಿಚ್‌ನಿಂದ ನೇರ 230 ವೋಲ್ಟ್. ಆರ್ಮೇಚರ್‌ನ ಬ್ರಿಡ್ಜ್‌ಗೆ ಡಿಮ್ಮರ್‌ಸ್ಟಾಟ್ ಮೂಲಕ. ಗುಂಡಗೆ ಇರುವ, ಮೇಲೆ ತಿರುಗಣೆ ಇರುವ ಈ ಡಿಮ್ಮರ್‌ಸ್ಟಾಟ್ 0ಯಿಂದ 270 ವೋಲ್ಟ್‌ವರೆಗೆ ಬೇಕಾದಷ್ಟು ಎಸಿ ಕೊಡುತ್ತೆ. ಅರ್ಧ ಎಚ್‌ಪಿಗೆ 4 ಆಂಪಿಯರ್‌ನದ್ದು ಸಾಕು. 244ರ ಹತ್ತಿರ ಮಾರ್ಕರ್‌ನಿಂದ ಕೆಂಪು ಗೆರೆ ಎಳೆದುಕೊಳ್ಳಿ, ಅಲ್ಲಿಗೆ ಆರ್ಮೇಚರ್‌ಗೆ ಪೂರ್ತಿ 220 ವೋಲ್ಟ್ ಡಿಸಿ ಸಿಕ್ಕಿತು. ಅದಕ್ಕಿಂತ ಮೇಲೆ ಹೋಗುವುದು ಬೇಡ.

ಡಿಮ್ಮರ್‌ಸ್ಟಾಟ್‌ನಿಂದ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ವೇಗ ಕೈಯಲ್ಲಿರುತ್ತೆ, ಜೊತೆಗೆ ಸ್ಟಾರ್ಟ್ ಮಾಡುವಾಗಿನ ಹೊಡೆತವೂ ತಪ್ಪುತ್ತೆ. ನಿಂತ ಮೋಟಾರ್‌ನ ಆರ್ಮೇಚರ್ 8 ಓಮ್ ಅಂತಾದರೆ, ಒಮ್ಮೆಲೇ 207 ವೋಲ್ಟ್ ಕೊಟ್ಟಾಗ 26 ಆಂಪಿಯರ್ ನುಗ್ಗುತ್ತೆ. ತಿರುಗಲು ಶುರುವಾದ ಮೇಲೆ ಮೋಟಾರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಕರೆಂಟ್‌ಗೆ ಲಗಾಮು ಹಾಕುತ್ತೆ. ಮೊದಲ ಒಂದೆರಡು ಸೆಕೆಂಡಿನದ್ದೇ ಗಂಡಾಂತರ. ಸೊನ್ನೆಯಿಂದ ನಿಧಾನ ತಿರುಗಿಸುತ್ತಾ ಹೋದರೆ ಆ ಸಮಸ್ಯೆಯೇ ಇಲ್ಲ.

ಡಿಮ್ಮರ್‌ಸ್ಟಾಟ್ ದುಬಾರಿ ಅಂತ ಸೀಲಿಂಗ್ ಫ್ಯಾನ್‌ನ ರೆಗ್ಯುಲೇಟರ್ ಹಾಕಲು ನೋಡುವವರಿದ್ದಾರೆ. ಅದು ನೂರು ವ್ಯಾಟ್ ಒಳಗಿನ ಫ್ಯಾನ್‌ಗೆ ಮಾಡಿದ್ದು, ಮೋಟಾರ್‌ಗೆ ಅಲ್ಲ. ಬೇಡ.

ಸ್ವಿಚ್ ಯಾವಾಗಲೂ ಬ್ರಿಡ್ಜ್‌ಗಿಂತ ಮೊದಲು, ಎಸಿ ಕಡೆ ಇರಬೇಕು. ಮನೆಯ ಸಾಮಾನ್ಯ ಸ್ವಿಚ್ ಎಸಿಗೆ ಮಾಡಿದ್ದು. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಅದರೊಳಗಿನ ಕಿಡಿ ತಾನೇ ಆರುತ್ತೆ. ಫೀಲ್ಡ್ ಸುರುಳಿಯಲ್ಲಿ ಹರಿಯುವ ಡಿಸಿ ಸೊನ್ನೆಗೆ ಬರಲ್ಲ. ಅದನ್ನು ನಡುವೆ ಕಡಿದರೆ ಸುರುಳಿ ಸುಮ್ಮನಿರದೆ ನೂರಾರು ವೋಲ್ಟ್ ಎಗರಿಸಿ ಸ್ವಿಚ್ ಒಳಗೆ ಕಿಡಿ ಎಳೆಯುತ್ತೆ, ಇಲ್ಲವೇ ತನ್ನದೇ ಇನ್ಸುಲೇಶನ್ ಒಡೆದುಕೊಳ್ಳುತ್ತೆ. ಎಸಿ ಕಡೆ ಕಡಿದರೆ ಉಳಿದ ಕರೆಂಟ್ ಬ್ರಿಡ್ಜ್‌ನ ಡಯೋಡ್‌ಗಳ ಮೂಲಕವೇ ಸುತ್ತು ಹಾಕಿ ಮೆಲ್ಲಗೆ ಆರುತ್ತೆ.

ಫೀಲ್ಡ್ ಕಡಿದರೆ ಮೋಟಾರ್ ಹುಚ್ಚಾಗುತ್ತೆ

ಇದುವರೆಗಿನದ್ದರಲ್ಲಿ ತಪ್ಪಿದರೆ ಹೋಗುವುದು ಮೋಟಾರ್. ಇದರಲ್ಲಿ ತಪ್ಪಿದರೆ ಕೈ ಹೋಗಬಹುದು, ಪ್ರಾಣವೂ ಹೋಗಬಹುದು.

ಕಾಂತಬಲ ಕಡಿಮೆಯಾದರೆ ಶಂಟ್ ಮೋಟಾರ್‌ನ ವೇಗ ಇಳಿಯುತ್ತೆ ಅಂತ ಯಾರಿಗಾದರೂ ಅನಿಸಬಹುದು. ಆಗುವುದು ಉಲ್ಟಾ. ಸಪ್ಲೈಗೆ ಸಮನಾದ ಎದುರು ವೋಲ್ಟೇಜ್ ಹುಟ್ಟುವ ತನಕ ಮೋಟಾರ್ ವೇಗ ಏರಿಸುತ್ತಲೇ ಹೋಗುತ್ತೆ. ಕಾಂತಬಲ ಅರ್ಧವಾದರೆ ಎರಡು ಪಟ್ಟು ವೇಗ ಬೇಕು. ಫೀಲ್ಡ್‌ನ ಒಂದು ಸ್ಕ್ರೂ ಸಡಿಲವಾಗಿ ವೈರ್ ಕಳಚಿತು ಅಂತಾದರೆ ಉಳಿಯುವುದು ಕಬ್ಬಿಣದಲ್ಲಿ ಅಂಟಿಕೊಂಡ ಚೂರು ಕಾಂತ ಮಾತ್ರ. ಆರ್ಮೇಚರ್‌ಗೆ ಸಪ್ಲೈ ಇದ್ದೇ ಇದೆ. ಲೋಡ್ ಹಗುರವಾಗಿದ್ದರೆ, ಅಥವಾ ಬೆಲ್ಟ್ ಜಾರಿದ್ದರೆ, 1500ರ ಮೋಟಾರ್ ಎಲ್ಲಿಯವರೆಗೆ ಹೋಗುತ್ತೆ ಅನ್ನುವುದಕ್ಕೆ ಮಿತಿಯಿಲ್ಲ. ಸುರುಳಿಗಳು ಗಾಡಿಯಿಂದ ಕಿತ್ತು ಹೊರಬರುತ್ತವೆ, ಕಮ್ಯುಟೇಟರ್‌ನ ತಾಮ್ರದ ಪಟ್ಟಿಗಳು ಸಿಡಿಯುತ್ತವೆ. ಲೋಡ್ ಭಾರವಾಗಿದ್ದರೆ ಮೋಟಾರ್ ನಿಂತು ಸುಡುತ್ತೆ.

ಹಿಂದಿನವರಿಗೆ ಇದು ಗೊತ್ತಿತ್ತು. ಎಲೆಕ್ಟ್ರಿಕಲ್ ಲ್ಯಾಬ್‌ಗಳಲ್ಲಿ ಈಗಲೂ ಕಾಣುವ, ಹಿತ್ತಾಳೆ ಗುಂಡಿಗಳ ಮೇಲೆ ಹಿಡಿಕೆ ಸರಿಸುವ ತ್ರೀ ಪಾಯಿಂಟ್ ಸ್ಟಾರ್ಟರ್ ನೋಡಿದವರಿಗೆ ನೆನಪಿರಬಹುದು. ಹಿಡಿಕೆಯನ್ನು ಕೊನೆಯಲ್ಲಿ ಹಿಡಿದಿಡುವ ಸಣ್ಣ ವಿದ್ಯುತ್ಕಾಂತ ಅದರಲ್ಲಿದೆ, ಅದರ ಸುರುಳಿ ಫೀಲ್ಡ್‌ನ ಸಾಲಿನಲ್ಲೇ ಇದೆ. ಫೀಲ್ಡ್ ಕಡಿದರೆ ಕಾಂತ ಸಾಯುತ್ತೆ, ಸ್ಪ್ರಿಂಗ್ ಹಿಡಿಕೆಯನ್ನು ಎಳೆದುಕೊಂಡು ಹೋಗಿ ಆಫ್ ಮಾಡುತ್ತೆ. ಕರೆಂಟ್ ಹೋದರೂ ಅಷ್ಟೇ. ಒಂದು ಸ್ಪ್ರಿಂಗ್, ಒಂದು ಸುರುಳಿಯಲ್ಲಿ ಎರಡು ಅಪಾಯಕ್ಕೆ ಉತ್ತರ. ಗುಜರಿಯಲ್ಲಿ ಮೋಟಾರ್ ಜೊತೆ ಇಂಥ ಸ್ಟಾರ್ಟರ್ ಸಿಕ್ಕರೆ ಬಿಟ್ಟು ಬರಬಾರದು. ಹೇಗೆ ಯೋಚಿಸಿದ್ದರು ಅಂತ ನೋಡಲಿಕ್ಕಾದರೂ ಬೇಕು.

ಈಗ ಡಿಮ್ಮರ್‌ಸ್ಟಾಟ್ ಹಾಕುವವರು ಅದೇ ಕೆಲಸವನ್ನು ಬೇರೆ ರೀತಿ ಮಾಡಿಕೊಳ್ಳಬೇಕು. ಫೀಲ್ಡ್‌ನ ಸಾಲಿನಲ್ಲಿ ಕರೆಂಟ್ ರಿಲೇ ಒಂದಿರಲಿ. ಫೀಲ್ಡ್‌ನಲ್ಲಿ ಕರೆಂಟ್ ಹರಿದರೆ ಮಾತ್ರ ಆ ರಿಲೇ ಡಿಮ್ಮರ್‌ಸ್ಟಾಟ್‌ಗೆ ದಾರಿ ಬಿಡಬೇಕು. ಫೀಲ್ಡ್‌ನ ಸಾಲಿನಲ್ಲಿ ಫ್ಯೂಸ್ ಹಾಕಲೇಬಾರದು, ಫ್ಯೂಸ್ ಹೋದರೂ ಫೀಲ್ಡ್ ಕಡಿದಂತೆಯೇ. ಸ್ಕ್ರೂಗಳಿಗೆ ಸ್ಪ್ರಿಂಗ್ ವಾಷರ್ ಹಾಕಿ, ಡ್ರಮ್ ನಡುಗಿದ ಹಾಗೆ ಅವೂ ಸಡಿಲವಾಗುತ್ತವೆ. ಫೀಲ್ಡ್ ಮೊದಲು ಆನ್, ಕೊನೆಗೆ ಆಫ್. ವೇಗ ಜಾಸ್ತಿ ಮಾಡಲು ಫೀಲ್ಡ್‌ನಲ್ಲಿ ರಿಯೋಸ್ಟಾಟ್ ಹಾಕಿ ಕಾಂತ ಕಡಿಮೆ ಮಾಡುವ ಪದ್ಧತಿ ಪುಸ್ತಕದಲ್ಲಿದೆ. ಲ್ಯಾಬ್‌ನಲ್ಲಿ ಮೇಷ್ಟ್ರ ಎದುರು ಅದು ಸರಿ, ಮನೆಯ ಶೆಡ್‌ನಲ್ಲಿ ಬೇಡ.

ಇನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲದ ವಿಷಯ, ಕರೆಂಟ್ ಹೋಗಿ ಬರುವುದು. ಮರದ ಕೊಂಬೆ ಬಿದ್ದು ಲೈನ್ ಹೋಯಿತು, ಡ್ರಮ್ ನಿಂತಿತು, ಒಳಗೆ ಬೀಜ ಕರಕಲಾಗುತ್ತೆ ಅಂತ ಯಾರೋ ಡ್ರಮ್‌ಗೆ ಕೈ ಹಾಕಿದರು, ಅಷ್ಟರಲ್ಲಿ ಕರೆಂಟ್ ಬಂತು. ಡಿಮ್ಮರ್‌ಸ್ಟಾಟ್ ಇದ್ದಲ್ಲೇ ಇದೆ. ಇದು ಆಗಬಾರದು ಅಂದರೆ ಸಾಮಾನ್ಯ ಸ್ವಿಚ್ ಬದಲು ಕಾಂಟ್ಯಾಕ್ಟರ್ ಇರುವ ಹಸಿರು-ಕೆಂಪು ಬಟನ್‌ನ ಸ್ಟಾರ್ಟರ್ ಹಾಕಬೇಕು. ತೋಟದ ಪಂಪ್‌ಸೆಟ್‌ಗೆ ಇರುವಂಥದ್ದೇ. ಕರೆಂಟ್ ಹೋದರೆ ಬಿಟ್ಟುಕೊಳ್ಳುತ್ತೆ, ಬಂದ ಮೇಲೆ ಹಸಿರು ಒತ್ತದೆ ಹಿಡಿಯಲ್ಲ. ತ್ರೀ ಫೇಸ್ ಪಂಪ್‌ನ ಹಳೇ ಸ್ಟಾರ್ಟರ್ ಬಳಸುವವರು ಕಾಯಿಲ್ ನೋಡಿಕೊಳ್ಳಿ. ಅದು 415 ವೋಲ್ಟ್‌ನದ್ದಾಗಿದ್ದರೆ ಮನೆಯ ಕರೆಂಟ್‌ನಲ್ಲಿ ಹಿಡಿಯಲ್ಲ, 230ರ ಕಾಯಿಲ್ ಬೇಕು.

ಮಳೆ, ತೇವ, ಶಾಕ್

ಬ್ರಿಡ್ಜ್‌ನಿಂದ ಬರುವುದು ಡಿಸಿ, ಬ್ಯಾಟರಿ ಥರ, ಮುಟ್ಟಿದರೆ ಏನಾಗಲ್ಲ ಅನ್ನುವ ನಂಬಿಕೆ ಅಲ್ಲಲ್ಲಿ ಇದೆ. ಶುದ್ಧ ಸುಳ್ಳು. ಡಯೋಡ್ ಆಗಲಿ ಡಿಮ್ಮರ್‌ಸ್ಟಾಟ್ ಆಗಲಿ ಮನೆಯ ಲೈನಿನಿಂದ ಮೋಟಾರನ್ನು ಬೇರ್ಪಡಿಸಲ್ಲ. ಡಿಮ್ಮರ್‌ಸ್ಟಾಟ್ ನೋಡಲು ಟ್ರಾನ್ಸ್‌ಫಾರ್ಮರ್‌ನಂತೆ ಕಂಡರೂ ಒಳಗೆ ಒಂದೇ ಸುರುಳಿ. ತಿರುಗಣೆ ಸೊನ್ನೆಯಲ್ಲಿದ್ದರೂ ವೈರ್‌ನಲ್ಲಿ ಫೇಸ್ ಇರಬಹುದು. ಬೇರ್ಪಡಿಸಲು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕು. ಖರ್ಚು ಮಾಡಲು ಸಾಧ್ಯವಿದ್ದರೆ ಮೊದಲು ಅದಕ್ಕೇ ಮಾಡಿ.

ಅದಿಲ್ಲದಿದ್ದರೆ ಮೋಟಾರ್ ಮೈಗೆ ಗಟ್ಟಿಯಾದ ಅರ್ಥಿಂಗ್, ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಇದರಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸೂಕ್ಷ್ಮವಿದೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಎಸಿ ಟೈಪ್ ಆರ್‌ಸಿಸಿಬಿ. ಅದು ಶುದ್ಧ ಎಸಿ ಸೋರಿಕೆಯನ್ನು ಮಾತ್ರ ನಂಬಿಕಸ್ತವಾಗಿ ಹಿಡಿಯುತ್ತೆ. ಬ್ರಿಡ್ಜ್‌ನ ಆಚೆ ಯಾರಾದರೂ ಮುಟ್ಟಿದಾಗ ಹರಿಯುವುದು ಒಂದೇ ಕಡೆಗೆ ಬಡಿಯುವ ಅರ್ಧ ಅಲೆ, ಎಸಿ ಟೈಪ್ ಅದನ್ನು ಕಾಣದೆ ಕೂರಬಹುದು. ಬೇಕಾದ್ದು ಎ ಟೈಪ್. ಖರೀದಿಸುವಾಗ ಮೇಲಿನ ಗುರುತು ನೋಡಿ: ಬರೀ ಅಲೆಯ ಚಿತ್ರ ಇದ್ದರೆ ಎಸಿ ಟೈಪ್, ಅಲೆಯ ಕೆಳಗೆ ಅರ್ಧ ಗುಡ್ಡಗಳ ಚಿತ್ರವೂ ಇದ್ದರೆ ಎ ಟೈಪ್.

ಜೂನ್‌ನಿಂದ ಸೆಪ್ಟೆಂಬರ್ ತನಕ ಶೆಡ್‌ನಲ್ಲಿ ಬಿದ್ದಿದ್ದ ಮೋಟಾರನ್ನು ಹಾಗೇ ಸ್ಟಾರ್ಟ್ ಮಾಡಬಾರದು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟ್ ಹಿಡಿಯುವಾಗ ಹತ್ತಿಬಟ್ಟೆ ಸುತ್ತಿದ ಹಳೇ ಸುರುಳಿ ಒಣಗಿರುತ್ತಾ? 500 ವೋಲ್ಟ್‌ನ ಮೆಗ್ಗರ್ ಇಟ್ಟು ಸುರುಳಿಗೂ ಮೈಗೂ ನಡುವೆ ಅಳೆಯಿರಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಒಣಗಿಸಬೇಕು. ಮೋಟಾರ್ ಮೇಲೆ ಪೆಟ್ಟಿಗೆ ಮುಚ್ಚಿ ಒಳಗೆ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಒಂದೆರಡು ದಿನ ಉರಿಸಿದರೆ ಬಹಳಷ್ಟು ಸಲ ಸರಿಹೋಗುತ್ತೆ. ಬಲ್ಬ್ ಸುರುಳಿಗೆ ತಾಗದ ಹಾಗೆ, ಗಾಳಿಯಾಡಲು ಸಂದು ಬಿಟ್ಟು. ಬ್ರಷ್ ಸುತ್ತಲಿನ ಕಾರ್ಬನ್ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ. ತೇವ ಕುಡಿದ ಕಾರ್ಬನ್ ಪುಡಿಯಷ್ಟು ಚೆನ್ನಾಗಿ ಸೋರುವ ದಾರಿ ಇನ್ನೊಂದಿಲ್ಲ.

ಅದೇ 100 ವ್ಯಾಟ್ ಬಲ್ಬ್ ಮೊದಲ ಪರೀಕ್ಷೆಗೂ ಬರುತ್ತೆ. ಫೀಲ್ಡ್‌ಗೆ ಪೂರ್ತಿ ಸಪ್ಲೈ ಕೊಟ್ಟು, ಆರ್ಮೇಚರ್ ಸಾಲಿನಲ್ಲಿ ಮಾತ್ರ ಬಲ್ಬ್ ಹಾಕಿ. ಎಲ್ಲಾ ಸರಿ ಇದ್ದರೆ ಬಲ್ಬ್ ಒಮ್ಮೆ ಉರಿದು, ಮೋಟಾರ್ ಮೆಲ್ಲಗೆ ತಿರುಗಿದಂತೆ ಮಂಕಾಗುತ್ತೆ. ಮೋಟಾರ್ ಅಲುಗಾಡದೆ ಬಲ್ಬ್ ಝಗಮಗ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್, ಬೇರಿಂಗ್ ಹಿಡಿದಿರುವುದು, ಇಲ್ಲವೇ ಫೀಲ್ಡ್ ಇಲ್ಲದಿರುವುದು. ಎಲ್‌ಇಡಿ ಬಲ್ಬ್‌ನಿಂದ ಈ ಪರೀಕ್ಷೆ ಆಗಲ್ಲ.

ಲೋ ವೋಲ್ಟೇಜ್, ಇನ್ವರ್ಟರ್

ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ಹೊತ್ತು 180 ವೋಲ್ಟ್‌ಗೆ ಇಳಿದರೆ ಏನಾಗುತ್ತೆ? ಇಲ್ಲಿ ಶಂಟ್ ಮೋಟಾರ್ ಒಂದು ಕೈ ಮೇಲೆ. ಫೀಲ್ಡ್ ಮತ್ತು ಆರ್ಮೇಚರ್ ಎರಡರ ವೋಲ್ಟೇಜೂ ಒಟ್ಟಿಗೆ ಇಳಿಯುವುದರಿಂದ ವೇಗ ತೀರಾ ಕುಸಿಯಲ್ಲ. ಆದರೆ ಕಾಂತ ಕಡಿಮೆಯಾದ್ದರಿಂದ ಅಷ್ಟೇ ಕೆಲಸಕ್ಕೆ ಆರ್ಮೇಚರ್ ಹೆಚ್ಚು ಕರೆಂಟ್ ಎಳೆಯುತ್ತೆ. ಮುಟ್ಟಿ ನೋಡುತ್ತಾ, ಬಿಸಿ ಜಾಸ್ತಿಯಾದರೆ ಬೀಜದ ಪ್ರಮಾಣ ಇಳಿಸಬೇಕು.

ಮನೆಯ ಇನ್ವರ್ಟರ್‌ನಲ್ಲೂ ಓಡುತ್ತೆ. ಡಿಮ್ಮರ್‌ಸ್ಟಾಟ್ ಸೊನ್ನೆಯಿಂದ ಏರಿಸಿದರೆ ಅರ್ಧ ಎಚ್‌ಪಿ ಮೋಟಾರ್ 500-550 ವ್ಯಾಟ್‌ನಲ್ಲಿ ನಿಲ್ಲುತ್ತೆ, ದೀಪ-ಫ್ಯಾನ್ ಆಫ್ ಮಾಡಿದರೆ 850 ವಿಎ ಇನ್ವರ್ಟರ್ ಹೊರಬಹುದು. ಆದರೆ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಡಿಮ್ಮರ್‌ಸ್ಟಾಟ್ ಹಿಡಿಸಲ್ಲ, ಬಿಸಿಯಾಗಿ ಗುಂಯ್‌ಗುಟ್ಟುತ್ತೆ. ಸೈನ್ ವೇವ್‌ನದ್ದಾದರೆ ತೊಂದರೆಯಿಲ್ಲ. ಬ್ಯಾಟರಿಯ ಡಿಸಿಯನ್ನು ಎಸಿ ಮಾಡಿ, ಅದನ್ನು ಮತ್ತೆ ಡಿಸಿ ಮಾಡಿ ಕಾಫಿ ಹುರಿಯುವುದು ತಮಾಷೆಯೇ, ಆದರೆ ಒಲೆ ಮೇಲಿರುವ ಐದು ಕೆ.ಜಿ. ಬೀಜ ಕರಕಲಾಗುವುದಕ್ಕಿಂತ ಮೇಲು.

ಹಾಗಾದರೆ ಇಷ್ಟೆಲ್ಲಾ ಬೇಕಾ?

ಒಂದೇ ವೇಗ ಸಾಕು ಅನ್ನುವವರಿಗೆ ಬೇಡ. ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಮೋಟಾರ್, ಒಂದು ಗೇರ್ ಬಾಕ್ಸ್, ಮುಗಿಯಿತು. ವೇಗ ಬದಲಿಸಲೇಬೇಕು, ಎಲ್ಲವನ್ನೂ ಹೊಸದಾಗಿ ಕೊಳ್ಳುವವರೇ ಅಂತಾದರೆ ಸಣ್ಣ ತ್ರೀ ಫೇಸ್ ಮೋಟಾರ್ ಮತ್ತು ಸಿಂಗಲ್ ಫೇಸ್‌ನಲ್ಲಿ ಓಡುವ ವಿಎಫ್‌ಡಿ ತೆಗೆದುಕೊಳ್ಳುವುದು ಜಾಣತನ. ಬ್ರಷ್ ಸವೆಯುವ ಗೊಡವೆ ಇಲ್ಲ, ಫೀಲ್ಡ್ ಕಡಿಯುವ ಭಯ ಇಲ್ಲ. ಟ್ರೆಡ್‌ಮಿಲ್‌ನಿಂದ ತೆಗೆದ ಡಿಸಿ ಮೋಟಾರ್‌ಗಳಲ್ಲಿ ಫೀಲ್ಡ್ ಬದಲು ಶಾಶ್ವತ ಕಾಂತ ಇರುವುದರಿಂದ ಅಲ್ಲೂ ಫೀಲ್ಡ್ ಕಡಿಯುವ ಪ್ರಶ್ನೆ ಇಲ್ಲ.

ಶಂಟ್ ಮೋಟಾರ್ ಈಗಾಗಲೇ ಮನೆಯಲ್ಲಿದ್ದು, ಮೆಗ್ಗರ್‌ನಲ್ಲಿ ಪಾಸಾಗಿ, ಬೇರಿಂಗ್ ಚೆನ್ನಾಗಿದ್ದು, ವೈರಿಂಗ್ ಮಾಡಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅದನ್ನು ಗುಜರಿಗೆ ವಾಪಸ್ ಕಳಿಸಲು ಕಾರಣವಿಲ್ಲ. ಹುರಿದದ್ದನ್ನು ಮಾರುವ ಯೋಚನೆ ಇದ್ದರೆ ಮನೆ ಮೀಟರ್‌ನಲ್ಲಿ ಅದಕ್ಕೆ ಅವಕಾಶ ಇದೆಯಾ ಅಂತ ಸೆಸ್ಕ್‌ನ ಸೆಕ್ಷನ್ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಗೇರ್ ಅಥವಾ ಪುಲಿ ಲೆಕ್ಕ ಹಾಕುವಾಗ ಮೋಟಾರ್ ತನ್ನ ಪೂರ್ಣ ವೇಗದ ಹತ್ತಿರ ಓಡುವ ಹಾಗೆ ಇರಲಿ. 1500ರಿಂದ 60ಕ್ಕೆ ಇಳಿಸಲು 25:1. ಬರೀ ಡಿಮ್ಮರ್‌ಸ್ಟಾಟ್ ನಂಬಿ ಮೋಟಾರನ್ನೇ ನಿಧಾನ ಓಡಿಸಿದರೆ ಅದರ ಒಳಗಿನ ಫ್ಯಾನ್ ಕೂಡ ನಿಧಾನವಾಗಿ, ಗಾಳಿ ಸಾಲದೆ ಕಾಯುತ್ತೆ.

ಎಲ್ಲಾ ಜೋಡಿಸಿದ ಮೇಲೆ ಡ್ರಮ್ ಉಲ್ಟಾ ತಿರುಗಿದರೆ ಪ್ಲಗ್ ತಿರುಗಿಸಿ ಹಾಕಿ ಪ್ರಯೋಜನವಿಲ್ಲ, ಬ್ರಿಡ್ಜ್‌ನಿಂದಾಚೆ ಪ್ಲಸ್ ಪ್ಲಸ್ ಆಗೇ ಇರುತ್ತೆ. ಫೀಲ್ಡ್ ವೈರ್ ಮುಟ್ಟಬೇಡಿ. ಪ್ಲಗ್ ಕಿತ್ತು, ಮೋಟಾರ್ ಪೂರ್ತಿ ನಿಂತ ಮೇಲೆ, ಆರ್ಮೇಚರ್‌ನ ಎ ಮತ್ತು ಎಎ ವೈರ್‌ಗಳನ್ನು ಮಾತ್ರ ಅದಲು ಬದಲು ಮಾಡಿ.